ಕಂಡವರ ಮನೆಯ ಬಾಗಿಲು ತೆಗೆಯುವವರು

ಕಳೆದ ನವೆಂಬರಿನಲ್ಲಿ ಅವರು ನಿವೃತ್ತರಾದರು. ಆಫೀಸಿನಲ್ಲಿ ಒಂದು ಫೀಕಾ ಇಟ್ಟಿದ್ದರು. ಫೀಕಾ ಎಂದರೆ ಕಾಫಿ, ಜೊತೆಗೆ ತಿನ್ನಲು ಏನಾದರೊಂದು, ನಡುನಡುವೆ ಎಲ್ಲರೂ ಕಿಟಕಿಯ ಕಡೆ ನೋಡುತ್ತಾ ಕೂರುವ ಒಂದಿಷ್ಟು ಮೌನ. ಅವರ ಜೊತೆ ಹೆಚ್ಚು ತಿರುಗಿದವಳು ನಾನೇ ಎಂದು ಸ್ವೀಡಿಷಿನಲ್ಲಿ ಎರಡು ಮಾತಾಡಲು ನನ್ನನ್ನು ಎಬ್ಬಿಸಿದರು. ಅನುಭವಿಗಳು, ಶ್ರದ್ಧೆಯುಳ್ಳವರು, ಗ್ರಾಹಕರ ವಿಶ್ವಾಸ ಗಳಿಸಿದವರು ಎಂದೆಲ್ಲ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಮಾತ್ರ ಕೇಕಿನ ತಟ್ಟೆ ಹಿಡಿದು ನನ್ನ ಹತ್ತಿರ ಬಂದು, "ಯಾರ ಬಗ್ಗೆ ಹೇಳಿದ್ದು ಮಾರಾಯ್ತಿ? ಒಳ್ಳೆ ಜನ ಇದ್ದ ಹಾಗೆ ಕಾಣ್ತದೆ," ಎಂದರು.

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವರೂ ಅದರಲ್ಲಿ ಇರಲಿಲ್ಲ. ಆ ಬೇಸರಕ್ಕೇ ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಅರ್ಧ ಗಂಟೆ ಬೈಯುತ್ತಾರೆ, ಆಮೇಲೆ ಫೋನ್ ಇಡದೆ ಇನ್ನರ್ಧ ಗಂಟೆ ಮೀನಿನ ಬಗ್ಗೆ ಮಾತಾಡುತ್ತಾರೆ.

ನಮ್ಮದು ಸ್ಟಾಕ್‌ಹೋಮಿನ ಹತ್ತಿರದ ಸೋಡರ್‌ಟೆಲ್ಯೆಯ ಒಂದು ಸಣ್ಣ ಕಂಪನಿ. ಸುತ್ತಲಿನ ಊರುಗಳ ಕೊಮ್ಯೂನ್‌ಗಳು, ಅಂದರೆ ಇಲ್ಲಿನ ನಗರಸಭೆಗಳು, ನಮ್ಮನ್ನು ಕರೆಯುತ್ತವೆ. ಹಳೆಯ ಮನೆಗಳಿಗೆ ಹೋಗಿ ಬಿಸಿ ಎಲ್ಲಿ ಸೋರುತ್ತಿದೆ, ಎಣ್ಣೆಯ ಬಾಯ್ಲರನ್ನೋ ಹಳೇ ಕರೆಂಟ್ ಹೀಟರನ್ನೋ ಕಿತ್ತು ಏನು ಹಾಕಿದರೆ ಕಡಿಮೆ ಕರೆಂಟಿನಲ್ಲಿ, ಹೊಗೆಯಿಲ್ಲದೆ ಮನೆ ಬೆಚ್ಚಗಿರುತ್ತದೆ ಎಂದು ಹೇಳುವುದು ನಮ್ಮ ಕೆಲಸ. ಊರಿಗೆ ಫೋನ್ ಮಾಡಿದಾಗ ಇದನ್ನು ಅಮ್ಮನಿಗೆ ವಿವರಿಸಿದರೆ, "ಮನೆ ಬೆಚ್ಚಗಿಡೋಕೂ ಕನ್ಸಲ್ಟೆಂಟ್ ಬೇಕೇನೇ?" ಎಂದು ಕೇಳುತ್ತಾರೆ. ತುಮಕೂರಿನ ಬಿಸಿಲಲ್ಲಿ ಕೂತವರಿಗೆ ಹೇಗೆ ಹೇಳುವುದು?

ನಾನು ಬೆಂಗಳೂರಿನಲ್ಲಿ ಆರು ವರ್ಷ ಮಾಲ್‌ಗಳಿಗೂ ಆಫೀಸುಗಳಿಗೂ ಏಸಿಯ ಡಕ್ಟ್ ಡಿಸೈನ್ ಮಾಡಿದವಳು. ತಂಪು ಮಾಡುವುದು ಗೊತ್ತಿತ್ತು. ಗಂಡನಿಗೆ ಇಲ್ಲಿಯ ಲಾರಿ ಕಾರ್ಖಾನೆಯಲ್ಲಿ ಕೆಲಸವಾಗಿ ಅವನ ಹಿಂದೆ ಬಂದು, ಸ್ವೀಡಿಷ್ ಕ್ಲಾಸಿಗೆ ಹೋಗುತ್ತಾ, ಮಗಳನ್ನು ದಾಗಿಸ್‌ಗೆ ಬಿಟ್ಟು ಕರೆತರುತ್ತಾ ಎರಡು ವರ್ಷ ಕಳೆದಿದ್ದೆ. ಈ ದಾಗಿಸ್ ಎಂಬ ಶಿಶುವಿಹಾರದಲ್ಲಿ ಮಗಳು ನನಗಿಂತ ಚೆನ್ನಾಗಿ ಸ್ವೀಡಿಷ್ ಕಲಿತು, ಅಂಗಡಿಯಲ್ಲಿ ನನ್ನ ಉಚ್ಚಾರಣೆ ತಿದ್ದುವಷ್ಟು ದೊಡ್ಡವಳಾಗಿದ್ದಳು. ಅದೊಂದು ನನಗೆ ಸಹಿಸಲಾಗುತ್ತಿರಲಿಲ್ಲ.

ಅವರನ್ನು ಮೊದಲು ಕಂಡದ್ದು ಸ್ಟಾಕ್‌ಹೋಮಿನಲ್ಲಿ, ಕನ್ನಡದವರೆಲ್ಲ ಸೇರಿ ಬಾಡಿಗೆಗೆ ಹಿಡಿದ ಶಾಲೆಯ ಹಾಲಿನಲ್ಲಿ. ದೀಪಾವಳಿ. ವೇದಿಕೆಯಲ್ಲಿ ಮಕ್ಕಳ ನೃತ್ಯ. ನಾನು ಕೊನೆಯ ಸಾಲಿನಲ್ಲಿ, ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಪಕ್ಕ ಕೂತಿದ್ದೆ, ಅದು ತಣ್ಣಗಿತ್ತು. ಬಿಳಿ ಕೂದಲಿನ, ಗಿಡ್ಡನೆಯ, ಸ್ವೆಟರಿನ ಮೇಲೆ ಕೋಟು ಹಾಕಿದ್ದ ಒಬ್ಬರು ಬಂದು ಅದರ ಮೇಲೆ ಅಂಗೈ ಇಟ್ಟರು. ಆಮೇಲೆ ಕಿವಿ ಇಟ್ಟರು. ಜೇಬಿನಿಂದ ಒಂದು ಸಣ್ಣ ಕೀಲಿ ತೆಗೆದು ಅದರ ಬದಿಯ ತಿರುಪು ತಿರುಗಿಸಿದರು. ಸುಯ್ ಎಂದು ಗಾಳಿ ಹೋಯಿತು, ಹಿಂದೆಯೇ ಕಪ್ಪು ನೀರು ಚಿಮ್ಮಿ ನನ್ನ ಮದುವೆಯ ರೇಷ್ಮೆ ಸೀರೆಯ ಸೆರಗಿಗೆ ಬಿತ್ತು.

"ಅಯ್ಯೋ! ಏನ್ ಸಾರ್ ಇದು?"

"ಗಾಳಿ ತುಂಬಿತ್ತು. ಈಗ ಬಿಸಿಯಾಗ್ತದೆ, ನೋಡಿ," ಎಂದರು. ಸೀರೆಯ ವಿಷಯ ಅವರಿಗೆ ಆಮೇಲೆ ಹೊಳೆಯಿತು.

ಕ್ಷಮೆ ಕೇಳಲು ಮಾತಿಗೆ ಕೂತರು. ನಾನೇನು ಓದಿದ್ದೇನೆ ಎಂದು ಕೇಳಿದರು. ಡಕ್ಟ್, ಗಾಳಿಯ ಒತ್ತಡ, ಲೆಕ್ಕಾಚಾರ ಎಂದೆ. "ನಮ್ಮಲ್ಲಿ ಲೆಕ್ಕ ಮಾಡ್ಲಿಕ್ಕೆ ಜನ ಇಲ್ಲ. ನನಗೆ ಎಕ್ಸೆಲ್ ಕಂಡ್ರೆ ಆಗುದಿಲ್ಲ. ಸೋಮವಾರ ಬನ್ನಿ," ಎಂದರು. ಸೀರೆಯ ಕಲೆ ಹೋಗಲಿಲ್ಲ. ಕೆಲಸ ಸಿಕ್ಕಿತು.

ಅವರದು ಉಡುಪಿಯ ಕಡೆಯ ಕ್ರೈಸ್ತ ಕುಟುಂಬ. ಪ್ರಾಯದಲ್ಲಿ ಹಡಗಿನ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು, ಕಾರ್ಲ್‌ಸ್ಕ್ರೂನಾದಲ್ಲಿ ಹಡಗಿನಿಂದ ಇಳಿದು ಅಲ್ಲೇ ಉಳಿದರು. ಅಲ್ಲಿ ಮನೆಗಳ ಬಾಯ್ಲರ್ ರಿಪೇರಿ, ಆಮೇಲೆ ಏನೇನೋ ಪರೀಕ್ಷೆ ಕಟ್ಟಿ ಸಲಹೆಗಾರರಾದರು. ಬೇರೆ ಕಡೆಯ ಕನ್ನಡದವರ ಮುಂದೆ ಕರಾವಳಿಯ ಮಾತನ್ನು ಸ್ವಲ್ಪ ಬಿಗಿಹಿಡಿದು ಆಡುತ್ತಿದ್ದರು. ಸಿಟ್ಟು ಬಂದಾಗಲೂ ಖುಷಿಯಾದಾಗಲೂ ಆ ಬಿಗಿ ಸಡಿಲವಾಗುತ್ತಿತ್ತು. ಒಂದೇ ವಾರಕ್ಕೆ ನಾನು 'ನೀವು' ಇಂದ 'ನೀನು' ಆದೆ. ನಾನು ಮಾತ್ರ 'ಸಾರ್' ಬಿಡಲಿಲ್ಲ.

"ಇಲ್ಲಿ ಪ್ರಧಾನಮಂತ್ರಿಯನ್ನೂ ಹೆಸರು ಹಿಡಿದು ಕರೀತಾರೆ. ನನ್ನನ್ನು ಎಂತಕ್ಕೆ ಸಾರ್ ಅಂತಿ?"

"ಪ್ರಧಾನಮಂತ್ರಿನ ಕರೀತೀನಿ ಸಾರ್. ನಿಮ್ಮನ್ನ ಆಗಲ್ಲ."

ಅವರ ಕೈಚೀಲದಲ್ಲಿ, ಬಿಸಿ ಸೋರುವ ಜಾಗವನ್ನು ಬಣ್ಣದಲ್ಲಿ ತೋರಿಸುವ ಥರ್ಮಲ್ ಕ್ಯಾಮೆರಾ ಇರುತ್ತಿತ್ತು. ಕಂಪನಿ ಕೊಟ್ಟದ್ದು, ಆದ್ದರಿಂದ ಇರುತ್ತಿತ್ತು. ಅವರು ನಂಬುತ್ತಿದ್ದುದು ಊದುಬತ್ತಿಯನ್ನು. ಮನೆಯವರ ಅನುಮತಿ ಕೇಳಿ ಒಂದು ಕಡ್ಡಿ ಹಚ್ಚಿ ಕಿಟಕಿಯ ಅಂಚು, ಬಾಗಿಲ ಸಂದು, ಅಟ್ಟದ ಮುಚ್ಚಳದ ಸುತ್ತ ನಿಧಾನವಾಗಿ ಹಿಡಿದು ನಡೆಯುತ್ತಿದ್ದರು. ಹೊಗೆ ನೆಟ್ಟಗೆ ಏರಿದರೆ ಸರಿ, ಬಾಗಿದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಒಮ್ಮೆ ಒಂದು ಮನೆಯಲ್ಲಿ ಬೆಂಕಿಯ ಅಲಾರಂ ಕೂಗಿಕೊಂಡು, ಅಕ್ಕಪಕ್ಕದವರೆಲ್ಲ ಚಪ್ಪಲಿಯಲ್ಲೇ ಹಿಮಕ್ಕೆ ಓಡಿಬಂದರು. "ಅಲಾರಂ ಕೆಲಸ ಮಾಡ್ತದೆ ಅಂತ ಗೊತ್ತಾಯ್ತಲ್ಲ, ಅದನ್ನೂ ರಿಪೋರ್ಟಲ್ಲಿ ಬರಿ," ಎಂದು ನನಗೆ ಹೇಳಿದರು. ಆಮೇಲೆ ಬರಿಗಾಲು. ಇಲ್ಲಿ ಎಲ್ಲರೂ ಮನೆಯೊಳಗೆ ಶೂ ಬಿಡುತ್ತಾರೆ. ಇವರು ಸಾಕ್ಸನ್ನೂ ಬಿಚ್ಚಿ ಕೋಣೆಯಿಂದ ಕೋಣೆಗೆ ತಿರುಗಿ ನೆಲ ಎಲ್ಲಿ ತಣ್ಣಗಿದೆ ಎಂದು ಪಾದದಿಂದ ನೋಡುತ್ತಿದ್ದರು.

ಅವರಲ್ಲಿ ನನಗೆ ಆಗದಿದ್ದ ಗುಣಗಳಿಗೂ ಕಡಿಮೆಯಿಲ್ಲ. ಮೇಲ್‌ಗೆ ಉತ್ತರ ಬರೆಯುತ್ತಿರಲಿಲ್ಲ. ನಿಮಿಷ ನೋಡಿ ಬದುಕುವ ದೇಶದಲ್ಲಿ ಹತ್ತು ನಿಮಿಷ ತಡವಾಗಿ ಬಂದು ಬಸ್ಸಿನ ಮೇಲೆ ಹೇಳುತ್ತಿದ್ದರು. ಎಲ್ಲಕ್ಕಿಂತ ನನಗೆ ಮುಜುಗರವೆಂದರೆ, ಕಂಡವರ ಮನೆಯಲ್ಲಿ ಮುಚ್ಚಿದ ಬಾಗಿಲನ್ನೆಲ್ಲ ತೆಗೆಯುತ್ತಿದ್ದರು. ಮಲಗುವ ಕೋಣೆ, ಬಟ್ಟೆಯ ಬೀರು, ಮೆಟ್ಟಿಲ ಕೆಳಗಿನ ಗೂಡು, ಯಾವುದನ್ನೂ ಬಿಡುತ್ತಿರಲಿಲ್ಲ. "ತೆಗೀಲಾ?" ಎಂದು ಕೇಳುತ್ತಿದ್ದರು ನಿಜ, ಆದರೆ ಕೇಳುವಾಗಲೇ ಕೈ ಹಿಡಿಕೆಯ ಮೇಲಿರುತ್ತಿತ್ತು. ಬೇರೆಯವರ ಮನೆಗೆ ಹೋದರೆ ಕೂರಿಸಿದ ಜಾಗದಲ್ಲಿ ಕೂರಬೇಕು, ಕೊಟ್ಟದ್ದನ್ನು ತಿನ್ನಬೇಕು, ಒಳಕೋಣೆಯ ಕಡೆ ಕಣ್ಣೂ ಹಾಯಿಸಬಾರದು ಎಂದು ಅಜ್ಜಿಯ ಕೈಯಲ್ಲಿ ತೊಡೆ ಚಿವುಟಿಸಿಕೊಂಡು ಬೆಳೆದವಳು ನಾನು. ಇವರ ಹಿಂದೆ ನಿಂತು ಎಷ್ಟೋ ಸಲ ನೆಲ ನೋಡಿದ್ದೇನೆ. ಒಮ್ಮೆ ಗಂಡನ ಹತ್ತಿರ, "ಇಷ್ಟು ವರ್ಷ ಇಲ್ಲಿದ್ದೂ ಮ್ಯಾನರ್ಸ್ ಬಂದಿಲ್ಲ ಕಣೋ ಅವ್ರಿಗೆ," ಎಂದು ದೂರಿದ್ದೂ ಉಂಟು.

ಆ ಅಭಿಪ್ರಾಯ ಬಿದ್ದುಹೋದದ್ದು ಕೆಲಸಕ್ಕೆ ಸೇರಿದ ಮೇಲಿನ ನನ್ನ ಎರಡನೆಯ ಚಳಿಗಾಲದಲ್ಲಿ.

ಒಂದು ಊರಿನ ಕೊಮ್ಯೂನ್ ನಮಗೆ ಕೆಲಸ ಕೊಟ್ಟಿತ್ತು. ಅಲ್ಲಿನ ಹಳೆಯ ಮರದ ಮನೆಗಳಲ್ಲಿ ಯಾವುದಕ್ಕೆ ಸಹಾಯ ಮೊದಲು ಬೇಕು ಎಂದು ಪಟ್ಟಿ ಮಾಡಿ ಕೊಡಬೇಕು. ಪಟ್ಟಿಯಲ್ಲಿ ಮೇಲಿದ್ದವರಿಗೆ ಅಟ್ಟಕ್ಕೆ ಬಿಸಿ ಸೋರದಂತೆ ತಡೆಯುವ ಹೊದಿಕೆ, ಹೊಸ ಹೀಟ್ ಪಂಪು, ಎಲ್ಲ ಸಿಗುತ್ತದೆ. ಹೀಟ್ ಪಂಪೆಂದರೆ ನಮ್ಮ ಏಸಿಯನ್ನು ತಿರುಗಿಸಿಟ್ಟ ಹಾಗೆ. ಹೊರಗಿನ ಚಳಿಯಲ್ಲೂ ಇರುವ ಅಷ್ಟಿಷ್ಟು ಬಿಸಿಯನ್ನು ಹೆಕ್ಕಿ ಒಳಗೆ ತರುತ್ತದೆ. ನಾನು ಎಲ್ಲ ಮನೆಗಳ ಕರೆಂಟ್ ಮೀಟರಿನ ಅಂಕಿಗಳನ್ನು ತರಿಸಿ, ಮನೆಯ ವಯಸ್ಸು, ಅಳತೆ ಜೊತೆಗಿಟ್ಟು ಚೆಂದದ ಎಕ್ಸೆಲ್ ಮಾಡಿದೆ. ಹೆಚ್ಚು ಸುಡುವ ಮನೆ ಕೆಂಪು, ಕಡಿಮೆ ಸುಡುವ ಮನೆ ಹಸಿರು.

ಎಲ್ಲಕ್ಕಿಂತ ಹಸಿರಾಗಿದ್ದದ್ದು ಊರಾಚೆ ಕಾಡಿನ ಅಂಚಿನಲ್ಲಿದ್ದ ಒಂದು ಎರಡಂತಸ್ತಿನ ಕೆಂಪು ಮರದ ಮನೆ. ಎಂಬತ್ತು ದಾಟಿದ ಒಬ್ಬ ಅಜ್ಜಿ ಒಬ್ಬರೇ ಇದ್ದರು. ಮೊದಲು ದಾಗಿಸ್‌ನಲ್ಲಿ ಕೆಲಸ ಮಾಡುತ್ತಿದ್ದವರು. ನಾನೊಬ್ಬಳೇ ಹೋಗಿದ್ದೆ. ಅಡುಗೆಮನೆಯಲ್ಲಿ, ಗೋಡೆಗೆ ಹಚ್ಚಿದ ಉದ್ದನೆಯ ಮರದ ಬೆಂಚಿನ ಮೇಲೆ ಕೂರಿಸಿದರು. ಅಡುಗೆಮನೆ ಬೆಚ್ಚಗಿತ್ತು. ಕಾಫಿ ಕೊಟ್ಟರು, ತಾವೇ ಮಾಡಿದ ಬಿಸ್ಕತ್ತು ಕೊಟ್ಟರು. ಮನೆಯಲ್ಲಿ ತೊಂದರೆ ಏನಾದರೂ ಇದೆಯೇ ಎಂದು ಕೇಳಿದೆ. "ನನಗೇನೂ ತೊಂದರೆಯಿಲ್ಲ," ಎಂದರು. ಹಾಲಿನ ಬಾಗಿಲು ಮುಚ್ಚಿತ್ತು, ಮೆಟ್ಟಿಲ ಬಾಗಿಲೂ ಮುಚ್ಚಿತ್ತು. ನಾನು ಆ ಕಡೆ ನೋಡಲಿಲ್ಲ. ಹೊರಡುವಾಗ, "ಇಷ್ಟು ಕಡಿಮೆ ಕರೆಂಟಿನಲ್ಲಿ ಮನೆ ನಡೆಸುತ್ತೀರಲ್ಲ, ಈ ಊರಿಗೇ ನೀವು ಮಾದರಿ," ಎಂದು ಹೊಗಳಿ ಬಂದೆ. ಅಜ್ಜಿ ಥ್ಯಾಂಕ್ಸ್ ಹೇಳಿದರು.

ಪಟ್ಟಿ ಸೋಮವಾರ ಬೆಳಿಗ್ಗೆ ಕೊಡಬೇಕಿತ್ತು. ಶುಕ್ರವಾರ ಊಟದ ಹೊತ್ತಿಗೆ ಅವರ ಮೇಜಿನ ಮೇಲೆ ಇಟ್ಟೆ. ಎಕ್ಸೆಲ್ ಕಂಡರಾಗದವರು ಪ್ರಿಂಟು ಹಾಕಿಸಿ, ಕನ್ನಡಕ ಏರಿಸಿ, ಬೆರಳಿಟ್ಟು ಸಾಲುಸಾಲಾಗಿ ಓದಿದರು. ಆ ಮನೆಯ ಹತ್ತಿರ ಬೆರಳು ನಿಂತಿತು.

"ಇದು ಹೇಗೆ ಇಷ್ಟು ಒಳ್ಳೇದಾಯ್ತು?"

"ಅಜ್ಜಿ ತುಂಬಾ ಅಚ್ಚುಕಟ್ಟು ಸಾರ್."

"ಕಿಟಕಿ ಹೊಸತಾ?"

"ಇಲ್ಲ, ಹಳೇದೇ."

"ಅಟ್ಟಕ್ಕೆ ಹೊದಿಕೆ ಉಂಟಾ?"

"ಅಷ್ಟೇನಿಲ್ಲ ಸಾರ್."

"ಮೇಲಿನ ಕೋಣೆ ಎಷ್ಟು ಡಿಗ್ರಿ?"

"ನೋಡ್ಲಿಲ್ಲ ಸಾರ್. ಬಾಗಿಲು ಹಾಕಿತ್ತು. ಒಬ್ರೇ ಇರೋ ಹೆಂಗಸು, ಅವ್ರ ಬೆಡ್‌ರೂಮಿಗೆ ಹೆಂಗೆ ನುಗ್ಗೋದು?"

ಅವರು ಕೋಟು ಹಾಕಿಕೊಂಡರು. "ಕಾರಿನ ಕೀ ತಾ," ಎಂದರು.

ನಾವು ತಲುಪುವಾಗ ಮೂರು ಗಂಟೆ, ಡಿಸೆಂಬರಿನ ಕತ್ತಲು ಆಗಲೇ ಇಳಿಯುತ್ತಿತ್ತು. ಅಜ್ಜಿ ಬಾಗಿಲು ತೆಗೆದು ನನ್ನನ್ನು ಗುರುತಿಸಿ ನಕ್ಕರು. ಹಿಂದೆ ನಿಂತ ಇವರನ್ನು ಕಂಡು ನಗು ಕಡಿಮೆಯಾಯಿತು. ಇವರು ನಮಸ್ಕಾರ ಹೇಳಿ, ಶೂ ಬಿಚ್ಚಿ, ಸಾಕ್ಸ್ ಬಿಚ್ಚಿ, ಅಡುಗೆಮನೆ ದಾಟಿ ಹಾಲಿನ ಬಾಗಿಲ ಹಿಡಿಕೆಗೆ ಕೈ ಹಾಕಿ "ತೆಗೆಯಲೇ?" ಎಂದರು. ಅಜ್ಜಿ "ಬೇಡ" ಅನ್ನುವಷ್ಟರಲ್ಲಿ ಬಾಗಿಲು ತೆರೆದಾಗಿತ್ತು.

ಒಳಗಿಂದ ಬಂದ ಗಾಳಿ ನನ್ನ ಮುಖಕ್ಕೆ ಹೊಡೆಯಿತು. ಹೊರಗಿನಷ್ಟೇ ಚಳಿ. ಹೀಟರುಗಳನ್ನೆಲ್ಲ ಆರಿಸಿತ್ತು. ಮೇಲಿನ ಮಹಡಿಗೆ ಹೋದೆವು. ಕಿಟಕಿಯ ಗಾಜಿನ ಒಳಮೈಗೆ ಹಿಮ ಕಟ್ಟಿತ್ತು, ಮೂಲೆಯಲ್ಲಿ ಗೋಡೆಯ ಕಾಗದ ಕಪ್ಪಾಗಿ ಎದ್ದುಬಂದಿತ್ತು. ಮಂಚ ಇತ್ತು, ಅದರ ಮೇಲೆ ಹಾಸಿಗೆ ಇರಲಿಲ್ಲ. ಇವರು ಆ ಖಾಲಿ ಮಂಚವನ್ನೇ ನೋಡುತ್ತಾ ನಿಂತರು. ಆಮೇಲೆ ಕೆಳಗಿಳಿದು ಬಂದು, ನಾನು ಅಂದು ಕೂತಿದ್ದ ಬೆಂಚಿನ ಮುಂದೆ ಮೊಣಕಾಲೂರಿ ಅದರ ಹಲಗೆ ಎತ್ತಿದರು. ಒಳಗೆ ಮಡಚಿಟ್ಟ ಹಾಸಿಗೆ, ದಿಂಬು, ನಾಲ್ಕು ಕಂಬಳಿ.

ಅಜ್ಜಿ ಕರೆಂಟಿನ ಬಿಲ್ಲಿಗೆ ಹೆದರಿ ಅಷ್ಟು ದೊಡ್ಡ ಮನೆಯನ್ನೆಲ್ಲ ಆರಿಸಿ ಅಡುಗೆಮನೆಯೊಂದರಲ್ಲೇ ಬದುಕುತ್ತಿದ್ದರು. ಮೀಟರು ಅದಕ್ಕೇ ಅಷ್ಟು ನಿಧಾನ ತಿರುಗಿದ್ದು. ನಾನು ಅವರ ಹಾಸಿಗೆಯ ಮೇಲೆ ಕೂತು ಅವರ ಕಾಫಿ ಕುಡಿದು, ನಿಮಗೇನೂ ಬೇಕಾಗಿಲ್ಲ ಎಂದು ಹಸಿರು ಬಣ್ಣ ಬಳಿದು ಬಂದಿದ್ದೆ.

ಅಜ್ಜಿಯ ಮುಖ ಕೆಂಪಾಗಿತ್ತು. ಅವರು ಕೂಗಲಿಲ್ಲ; ಇಲ್ಲಿನವರು ಕೂಗುವುದಿಲ್ಲ. "ನಾನು ಯಾರ ಹತ್ತಿರವೂ ದೂರು ಹೇಳಿಲ್ಲ," ಎಂದರು. "ನೀನು ಇದನ್ನು ಬರೆಯುತ್ತೀಯ. ಯಾರೋ ಓದುತ್ತಾರೆ. ಮುದುಕಿ ಬೆಂಚಿನ ಮೇಲೆ ಮಲಗುತ್ತಾಳೆ, ಒಬ್ಬಳೇ ಇರಲು ಇನ್ನು ಆಗುವುದಿಲ್ಲ ಎಂದು ನನ್ನನ್ನು ವೃದ್ಧರ ವಸತಿಗೆ ಕಳಿಸುತ್ತಾರೆ. ಈ ಮನೆಯ ಮೊಳೆಗಳನ್ನು ಹೊಡೆಯುವಾಗ ನಾನು ನನ್ನ ಗಂಡನಿಗೆ ಮೊಳೆ ಎತ್ತಿ ಕೊಟ್ಟವಳು. ನಾನು ಹೋಗುವುದಿಲ್ಲ."

ಅದು ಅವರ ಭಯ. ಚಳಿಯನ್ನು ಬಚ್ಚಿಟ್ಟದ್ದು ಮನೆ ಉಳಿಸಿಕೊಳ್ಳಲು.

"ನಾನು ಬರೆಯುವುದು ಮನೆಯ ಬಗ್ಗೆ. ನಿನ್ನ ಬಗ್ಗೆ ಒಂದು ಸಾಲೂ ಇರುವುದಿಲ್ಲ," ಎಂದರು ಇವರು, ಎಲ್ಲರಿಗೂ 'ನೀನು' ಎನ್ನುವ ಇಲ್ಲಿನ ರೂಢಿಯಲ್ಲಿ. "ಆದರೆ ಸಹಾಯ ಬೇಕೆಂಬ ಕಾಗದಕ್ಕೆ ನಿನ್ನ ಸಹಿ ಇಲ್ಲದೆ ಮನೆಯನ್ನು ಪಟ್ಟಿಯ ಮೇಲಕ್ಕೆ ತರಲು ಆಗುವುದಿಲ್ಲ."

"ನಿನ್ನನ್ನು ನಾನು ಹೇಗೆ ನಂಬಲಿ?"

ಇವರು ಬರಿಗಾಲಿನಲ್ಲಿ ತಣ್ಣಗಿನ ನೆಲದ ಮೇಲೆ ಕಾಲು ಬದಲಿಸುತ್ತಾ ನಿಂತರು. ಅಜ್ಜಿ ಇವರನ್ನು ಮೇಲಿಂದ ಕೆಳಗೆ ನೋಡಿ, "ನಾಳೆ ನಿನ್ನ ಮನೆಗೆ ಬರುತ್ತೇನೆ," ಎಂದರು. "ನೀನು ನನ್ನ ಬಾಗಿಲುಗಳನ್ನು ತೆಗೆದೆ. ನಾನು ನಿನ್ನವನ್ನು ತೆಗೆಯುತ್ತೇನೆ. ಎಲ್ಲವನ್ನೂ. ಗುಡಿಸಿ ಒರೆಸಿ ಇಡಬೇಡ. ಹೆಂಡತಿಗೂ ಹೇಳಬೇಡ."

ಹೇಳಿಕೇಳಿ ವಾರ ಮೊದಲೇ ದಿನ ಗೊತ್ತುಮಾಡದೆ ಯಾರೂ ಯಾರ ಮನೆಗೂ ಹೋಗದ ದೇಶ ಇದು. ಇವರು ಒಂದು ಕ್ಷಣವೂ ಯೋಚಿಸಲಿಲ್ಲ. "ಊಟದ ಹೊತ್ತಿಗೆ ಬಾ. ಮೀನು ತಿನ್ನುತ್ತೀಯಾ?" ಎಂದರು.

ವಾಪಸು ಬರುವಾಗ ಕಾರಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. "ಅವ್ರ ಹಾಸಿಗೆ ಮೇಲೆ ಕೂತ್ಕೊಂಡು ನೀವು ಊರಿಗೇ ಮಾದರಿ ಅಂತ ಹೇಳಿ ಬಂದೆನಲ್ಲ ಸಾರ್!"

ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಹೇಳಿದರು: "ಕಾರ್ಲ್‌ಸ್ಕ್ರೂನಾದಲ್ಲಿ ನಾನೂ ಒಂದು ಮನೆಯಲ್ಲಿ ಒಂದು ಬಾಗಿಲು ತೆಗೀದೆ ಬಂದಿದ್ದೆ. ನಿನ್ನ ಹಾಗೇ, ಮರ್ಯಾದೆಗೆ. ಆ ಮುದುಕ ಚಳಿಗಾಲ ಮುಗಿಯುವ ಮೊದ್ಲು ನ್ಯುಮೋನಿಯಾ ಹಿಡಿದು ಆಸ್ಪತ್ರೆ ಸೇರಿದ. ವಾಪಸು ಮನೆಗೆ ಬರ್ಲಿಲ್ಲ." ಗಾಜಿಗೆ ಕಟ್ಟಿದ ಆವಿಯನ್ನು ತೋಳಿನಿಂದ ಒರೆಸಿದರು. "ಅವನಿಗೂ ಮರ್ಯಾದೆ, ನನಗೂ ಮರ್ಯಾದೆ. ಹೇಳುವವ ಇಲ್ಲ, ಕೇಳುವವ ಇಲ್ಲ. ಈಗ ನೀನು ನೋಡಿದ್ದಿ, ಇನ್ನು ಅಳುದು ಸಾಕು. ಸೋಮವಾರದ ಒಳಗೆ ಆ ಪಟ್ಟಿ ಸರಿ ಮಾಡ್ಲಿಕ್ಕುಂಟು."

ಶನಿವಾರ ನನ್ನನ್ನೂ ಕರೆದಿದ್ದರು. ಹನ್ನೆರಡಕ್ಕೆ ಸರಿಯಾಗಿ ಅಜ್ಜಿ ಬಸ್ಸಿಳಿದು ಬಂದು ಬೆಲ್ ಒತ್ತಿದರು. ಬಾಗಿಲು ತೆಗೆದವರು ಇವರ ಹೆಂಡತಿ, ನಾನು ಆಂಟಿ ಎಂದು ಕರೆಯುವವರು, ಆಸ್ಪತ್ರೆಯ ನರ್ಸು, ರಾತ್ರಿ ಪಾಳಿ ಮುಗಿಸಿ ಬಂದು ಹಳೇ ನೈಟಿಯ ಮೇಲೆ ಗಂಡನ ಸ್ವೆಟರು ಹಾಕಿಕೊಂಡಿದ್ದವರು. ಹಾಲಿನ ಸೋಫಾ ಮೇಲೆ ಎರಡು ದಿನದ ಒಗೆದ ಬಟ್ಟೆಯ ರಾಶಿ. ಆಂಟಿ ಅಜ್ಜಿಗೆ ಸ್ವೀಡಿಷಿನಲ್ಲಿ ನಗುನಗುತ್ತಾ ಸ್ವಾಗತ ಹೇಳಿ, ಅದೇ ನಗುವಿನಲ್ಲಿ ಗಂಡನ ಕಡೆ ತಿರುಗಿ ಕನ್ನಡದಲ್ಲಿ, "ಒಂದು ಮಾತು ಹೇಳ್ಳಿಕ್ಕೆ ನಿಮ್ಗೆ ಎಂತ ಆಗಿತ್ತು? ಮನೆ ಹೇಗುಂಟು ನೋಡಿ! ನಿಮ್ಮನ್ನು ಆಮೇಲೆ ನೋಡ್ಕೊಳ್ತೇನೆ," ಎಂದರು.

ಅಜ್ಜಿ ಒಂದನ್ನೂ ಬಿಡಲಿಲ್ಲ. ಮಲಗುವ ಕೋಣೆ, ಬಚ್ಚಲು, ಬಟ್ಟೆಯ ಬೀರು ತೆಗೆದರು. ಬೀರುವಿನಿಂದ ಒಂದು ಸೂಟ್‌ಕೇಸ್ ಜಾರಿ ಬಿತ್ತು. ಉಗ್ರಾಣದ ಬಾಗಿಲು ತೆಗೆದೊಡನೆ ಒಣಮೀನಿನ ವಾಸನೆ ಮನೆ ತುಂಬಿತು. ಆಂಟಿ ತಲೆಗೆ ಕೈ ಹಚ್ಚಿಕೊಂಡರು. ಅಜ್ಜಿ ಒಳಗೆ ಬಗ್ಗಿ ನೋಡಿ, "ನನ್ನ ಅಪ್ಪನೂ ಮೀನು ಒಣಗಿಸುತ್ತಿದ್ದ," ಎಂದು ಮುಂದೆ ನಡೆದರು.

ಕೊನೆಯದು ಇವರ ಓದುವ ಕೋಣೆ. ಅಜ್ಜಿ ಬಾಗಿಲು ತೆಗೆದು ಒಳಗೆ ಹೋಗಿ ಅಲ್ಲೇ ನಿಂತರು. ಆಮೇಲೆ ಕಿಟಕಿಯ ಕೆಳಗಿನ ರೇಡಿಯೇಟರಿನ ಮೇಲೆ ಅಂಗೈ ಇಟ್ಟರು. ಅದು ಕಲ್ಲಿನಂತೆ ತಣ್ಣಗಿತ್ತು.

"ಎಷ್ಟು ದಿನದಿಂದ?"

"ಕಳೆದ ಚಳಿಗಾಲದಿಂದ," ಎಂದರು ಇವರು, ಮೆಲ್ಲಗೆ.

"ಎರಡು ಚಳಿಗಾಲ!" ಎಂದರು ಆಂಟಿ ಹಿಂದಿನಿಂದ. "ಊರಿನವರ ಮನೆಯೆಲ್ಲ ಬೆಚ್ಚಗೆ ಮಾಡ್ತಾರೆ. ಇಲ್ಲಿ ಕಂಬಳಿ ಹೊದ್ದು ಕೂತು ಓದ್ತಾರೆ. ನಾಳೆ ನಾನೇ ಸರಿ ಮಾಡ್ತೇನೆ ಅಂತಾರೆ, ಪ್ಲಂಬರನ್ನು ಕರೀರಿ ಅಂದ್ರೆ ಮರ್ಯಾದೆ ಹೋಗ್ತದಂತೆ." ಇದನ್ನು ಅವರು ಅಜ್ಜಿಗೂ ಸ್ವೀಡಿಷಿನಲ್ಲಿ ಪೂರ್ತಿಯಾಗಿ ಹೇಳಿದರು, ಒಂದಿಷ್ಟು ಸೇರಿಸಿಯೇ.

ಅಜ್ಜಿ ನಕ್ಕರು. ಭುಜ ಕುಲುಕುವಂತೆ, ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಲ್ಲಿ ಒಣ ನಗೆ ನಗುತ್ತಾ ನಿಂತಿದ್ದ ನಮ್ಮ ಸಾರನ್ನು ನೋಡಿ ನನಗೂ ನಗು ಬಂತು. ಆ ದಿನ ನಾವು ನೀರುದೋಸೆ, ಬಂಗುಡೆ ಸಾರು ತಿಂದೆವು. ಅಜ್ಜಿ ಮೂರು ದೋಸೆ ತಿಂದು, ಖಾರಕ್ಕೆ ಮೂಗು ಒರೆಸಿಕೊಂಡು, ಕೈ ತೊಳೆದು ಬಂದು, "ಕಾಗದ ಕೊಡು," ಎಂದರು. ಸಹಿ ಹಾಕುವ ಮೊದಲು ಕಾಗದವನ್ನು ಮೊದಲಿನಿಂದ ಕೊನೆಯವರೆಗೂ ಓದಿದರು. ಅದರಲ್ಲಿ ಗೋಡೆ, ಕಿಟಕಿ, ಅಟ್ಟದ ವಿಷಯ ಇತ್ತು. ಅವರ ವಿಷಯ ಇರಲಿಲ್ಲ.

ಭಾನುವಾರ ಇಡೀ ದಿನ ನಾವಿಬ್ಬರೂ ಪಟ್ಟಿಯಲ್ಲಿ ಹಸಿರಾಗಿದ್ದ ಉಳಿದ ಮನೆಗಳಿಗೆ ಫೋನ್ ಮಾಡಿದೆವು, ಕೆಲವಕ್ಕೆ ಹೋದೆವು. ಇನ್ನೂ ಕೆಲವು ಕಡೆ ಆರಿಸಿದ ಕೋಣೆಗಳು ಸಿಕ್ಕವು. ಮೊದಲ ಮನೆಯಲ್ಲಿ "ತೆಗೆಯಲೇ?" ಎಂದು ಕೇಳಿ, ಮನೆಯವರು ತಲೆಯಾಡಿಸುವವರೆಗೂ ಕೈಕಟ್ಟಿ ನಿಂತೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಕೈ ಹಿಡಿಕೆಯ ಮೇಲಿತ್ತು. ಸೋಮವಾರ ಕೊಟ್ಟ ಪಟ್ಟಿಯಲ್ಲಿ ಅಜ್ಜಿಯ ಮನೆ ಎಲ್ಲಕ್ಕಿಂತ ಮೇಲಿತ್ತು. ಬೇಸಿಗೆಯಲ್ಲಿ ಅಟ್ಟಕ್ಕೆ ಹೊದಿಕೆ ಬಿತ್ತು. ಕೆಳಗೊಂದು, ಮೇಲೊಂದು ಹೀಟ್ ಪಂಪು ಕೂತವು.

ಅವರನ್ನು ನಾನು ದೇವರು ಮಾಡುವುದಿಲ್ಲ. ಇವತ್ತಿಗೂ ಅವರು ಬಿಟ್ಟುಹೋದ ಉತ್ತರಿಸದ ಮೇಲ್‌ಗಳಿಗೆ ನಾನು ಉತ್ತರಿಸುತ್ತಿದ್ದೇನೆ, ಬೈಯುತ್ತಾ. ಆದರೆ ಈ ದೇಶದಲ್ಲಿ ಹೊರಗಿನವಳಾಗಿ ನಾನು ಎಷ್ಟು ಮುದುಡಿಕೊಂಡಿದ್ದೆ ಎಂದು ನನಗೆ ಗೊತ್ತು. ಯಾರಿಗೂ ತೊಂದರೆ ಕೊಡಬಾರದು, ಯಾರ ಮನೆಯೊಳಗೂ ಇಣುಕಬಾರದು, ಕೆಲಸ ಮುಗಿಸಿ ಬಂದುಬಿಡಬೇಕು ಅಂದುಕೊಂಡಿದ್ದೆ. ಅವರೂ ನನ್ನಷ್ಟೇ ಹೊರಗಿನವರು. ಹಾಗಿದ್ದೂ ಒಂದು ಮನೆಯಲ್ಲಿ ಒಬ್ಬರು ಚಳಿಯಲ್ಲಿದ್ದಾರೆ ಎಂದರೆ ಅದು ತಮಗೆ ಸೇರಿದ ವಿಷಯ ಎಂದು ಅವರು ನಂಬಿದ್ದರು. ಅವರನ್ನು ಕಂಡು ನನಗೆ ಈ ಊರು ಸ್ವಲ್ಪ ನನ್ನದೂ ಅನ್ನಿಸತೊಡಗಿತು. ಅದಕ್ಕಾಗಿ ಅವರ ಮೇಲೆ ನನಗೆ ತುಂಬಾ ಪ್ರೀತಿ. ಸ್ವೀಡಿಷಿನಲ್ಲಿ ಇದನ್ನು ಹೇಳಲು ನನಗೆ ಬರಲಿಲ್ಲ.

ಅವರು ನಿವೃತ್ತರಾದ ಮೂರು ತಿಂಗಳಿಗೆ, ಮೊನ್ನೆ ಫೆಬ್ರವರಿಯಲ್ಲಿ, ಕೆಲಸ ಮುಗಿದ ಮನೆಗಳು ಚಳಿಗಾಲದಲ್ಲಿ ಹೇಗಿವೆ ಎಂದು ನೋಡಿ ಬರುವ ಸರದಿ ಬಂತು. ಅಜ್ಜಿಯ ಮನೆಗೆ ಹೋದೆ. ಹೊರಗೆ ಮೂಗು ಮರಗಟ್ಟುವ ಚಳಿ. ಅಜ್ಜಿ ತೆಳ್ಳನೆಯ ಅಂಗಿ ಹಾಕಿಕೊಂಡು ಬಾಗಿಲು ತೆಗೆದು, ನಾನು ಕೇಳುವ ಮೊದಲೇ ಮೆಟ್ಟಿಲ ಕಡೆ ನಡೆದರು. ಮೇಲಿನ ಕೋಣೆಗೆ ಹೊಸ ಗೋಡೆಕಾಗದ ಬಂದಿತ್ತು. ಮಂಚದ ಮೇಲೆ ಹಾಸಿಗೆ, ಅದರ ಮೇಲೆ ಒಂದೇ ಒಂದು ತೆಳು ಹೊದಿಕೆ. ತಲೆದಿಂಬಿನ ಪಕ್ಕದ ಕಿಟಕಿ ಒಂದು ಗೇಣು ತೆರೆದಿತ್ತು.

ನಮ್ಮ ಕಸುಬಿನವರಿಗೆ ಅದನ್ನು ನೋಡಿದರೆ ಜೀವ ಹೋಗುತ್ತದೆ. ಇಷ್ಟೆಲ್ಲ ಮಾಡಿ ಒಳಗೆ ಹಿಡಿದಿಟ್ಟ ಬಿಸಿ ಸೀದಾ ಕಾಡಿಗೆ ಹೋಗುತ್ತಿದೆ. ನನ್ನ ಕೈ ತಾನಾಗಿ ಕಿಟಕಿಯ ಕಡೆ ಹೋಯಿತು.

"ಬಿಡು ಅದನ್ನು," ಎಂದರು ಅಜ್ಜಿ. "ಮುಚ್ಚಿದರೆ ಸೆಕೆಗೆ ನಿದ್ದೆ ಬರುವುದಿಲ್ಲ."

ಕಾರಿಗೆ ಬಂದು ಕೂತವಳೇ ಅವರಿಗೆ ಫೋನ್ ಮಾಡಿದೆ. ಹಿಂದೆ ಆಂಟಿ ಏನೋ ಹುರಿಯುವ ಸದ್ದು ಕೇಳುತ್ತಿತ್ತು.

"ಸಾರ್, ಅಜ್ಜಿ ಮೇಲ್ಗಡೆ ಮಲಗ್ತಿದಾರೆ. ಆದ್ರೆ ಕಿಟಕಿ ತೆಗೆದಿಟ್ಟಿದಾರೆ ಸಾರ್, ಈ ಚಳೀಲಿ! ಸೆಕೆಯಂತೆ."

ಒಲೆ ಆರಿಸುವಂತೆ ಅವರು ಆಂಟಿಗೆ ಹೇಳಿದ್ದು ಕೇಳಿಸಿತು.

"ನೀನು ಮುಚ್ಚಿದ್ಯಾ?" ಎಂದರು.

"ಇಲ್ಲ ಸಾರ್."

"ಮುಚ್ಬೇಡ ಮಾರಾಯ್ತಿ. ಈ ಒಂದು ಚಳಿಗಾಲ ಹಾಗೇ ಇರ್ಲಿ."

ಮುಂದಿನ ವಾರ ರಿಪೋರ್ಟು ಬರೆದೆ. ಗೋಡೆ ಒಣಗಿದೆ, ಅಟ್ಟ ಸರಿಯಿದೆ, ಪಂಪುಗಳು ಚೆನ್ನಾಗಿ ನಡೆಯುತ್ತಿವೆ. ಕಿಟಕಿಗಳು ಎಂಬ ಕಲಮಿನ ಎದುರು, ಮಲಗುವ ಕೋಣೆಯದು ತೆರೆದಿತ್ತು, ಮನೆಯವರಿಗೆ ಸೆಕೆಯಾಗುತ್ತದೆ ಎಂದು ಬರೆದು ಸಹಿ ಹಾಕಿದೆ.